ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯ ಮಿತಿ

ಹದಿಮೂರು-ಹದಿನಾಲ್ಕು ಇಂಚಿನ ಪರದೆ, ಒಂದೂವರೆ ಕಿಲೋ ಆಸುಪಾಸಿನ ತೂಕ, ಚಾರ್ಜರ್ ಜತೆಗಿಲ್ಲದೆ ಒಂದು ದಿನದ ಕೆಲಸಕ್ಕೆ ಸಾಲುವ ಬ್ಯಾಟರಿ. ಇಷ್ಟಿರುವ ಯಂತ್ರವನ್ನು ಇಲ್ಲಿ ಸಣ್ಣ ಲ್ಯಾಪ್‌ಟಾಪ್ ಎಂದು ಕರೆದಿದೆ. ಅದರಲ್ಲಿ ಹೆಚ್ಚೆಂದರೆ ಎಷ್ಟು ರ‍್ಯಾಮ್ ಇರಬಹುದು ಎಂಬ ಅಂಕಿಯೇ ಅದರ ಮೆಮೊರಿ ಮಿತಿ. ಪತ್ರ ಬರೆಯುವವರು, ಸಿನಿಮಾ ನೋಡುವವರು, ಬ್ಯಾಂಕಿನ ವ್ಯವಹಾರ ಮುಗಿಸಿ ಮುಚ್ಚಿಡುವವರು ಈ ಅಂಕಿಯನ್ನು ಗಮನಿಸುವುದೇ ಇಲ್ಲ. ಏಕಕಾಲಕ್ಕೆ ಎರಡು ಮೂರು ವರ್ಚುವಲ್ ಮಷಿನ್ ಓಡಿಸುವ ಎಂಜಿನಿಯರ್, ಜೀನೋಮ್ ದತ್ತಾಂಶ ಜಾಲಾಡುವ ಸಂಶೋಧಕಿ, ನಾಲ್ಕು ಕೆ ವಿಡಿಯೊ ಸಂಕಲನಕಾರ, ಭಾಷಾ ಮಾದರಿಗಳನ್ನು ತಮ್ಮ ಯಂತ್ರದಲ್ಲೇ ಓಡಿಸಿ ನೋಡುವವರು ಮಾತ್ರ ಪ್ರತಿದಿನವೂ ಅದಕ್ಕೆ ಡಿಕ್ಕಿ ಹೊಡೆಯುತ್ತಾರೆ. ಯಂತ್ರ ಸಣ್ಣದು, ಜಾಗವಿಲ್ಲ, ಆದ್ದರಿಂದ ಮೆಮೊರಿಯೂ ಕಡಿಮೆ ಎಂಬುದು ಇವರಿಗೆ ಸಾಮಾನ್ಯವಾಗಿ ಸಿಗುವ ಸಮಾಧಾನ. ಕಳೆದ ಎರಡು ದಶಕಗಳ ಯಂತ್ರಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಈ ವಿವರಣೆ ನಿಲ್ಲುವುದಿಲ್ಲ. ಮಿತಿಗೆ ಕಾರಣವಾದವುಗಳಲ್ಲಿ ಜಾಗದ ಪಾಲು ಅತಿ ಕಡಿಮೆ. ಮೆಮೊರಿಯ ನಿಯಂತ್ರಕ ಎಷ್ಟು ದೂರ ಎಣಿಸಬಲ್ಲದು, ಆ ಕಾಲದ ಚಿಪ್ ಎಷ್ಟು ಸಾಂದ್ರವಾಗಿತ್ತು, ಮಾರಾಟಗಾರರು ಯಾವ ದರ್ಜೆಯ ಗ್ರಾಹಕನಿಗೆ ಎಷ್ಟು ಕೊಡಲು ಮನಸ್ಸು ಮಾಡಿದರು, ಮೆಮೊರಿಯನ್ನು ಬೋರ್ಡಿಗೆ ಹೇಗೆ ಕೂರಿಸಿದರು ಎಂಬ ಪ್ರಶ್ನೆಗಳೇ ಮಿತಿಯನ್ನು ಬಹುಮಟ್ಟಿಗೆ ನಿರ್ಧರಿಸಿವೆ. ಇವುಗಳಲ್ಲಿ ಕೊನೆಯದು ಉಳಿದವುಗಳಿಗಿಂತ ಗಂಭೀರ, ಏಕೆಂದರೆ ಕೊಂಡ ದಿನದ ಊಹೆಯನ್ನು ಅದು ಯಂತ್ರದ ಆಯುಷ್ಯವಿಡೀ ಕಾಯಂ ಮಾಡಿಬಿಡುತ್ತದೆ.

ಇಂದಿನ ಎಲ್ಲ ಲ್ಯಾಪ್‌ಟಾಪ್‌ಗಳ ರ‍್ಯಾಮ್ ಒಂದೇ ತತ್ತ್ವದ ಮೇಲೆ ನಿಂತಿದೆ. ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಲ್ಲಿ ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಪುಟ್ಟ ಕೆಪಾಸಿಟರ್ ಸೇರಿ ಒಂದು ಬಿಟ್ ಅನ್ನು ಹಿಡಿದಿಡುತ್ತವೆ. ಕೆಪಾಸಿಟರಿನ ವಿದ್ಯುದಂಶ ಸೋರುತ್ತಲೇ ಇರುವುದರಿಂದ ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡಿನೊಳಗೆ ಎಲ್ಲ ಸಾಲುಗಳನ್ನೂ ಓದಿ ಮತ್ತೆ ಬರೆಯಬೇಕು. ಯಂತ್ರ ಮಲಗಿದ್ದಾಗಲೂ ಈ ಕೆಲಸ ನಿಲ್ಲುವಂತಿಲ್ಲ. ಮೆಮೊರಿ ಇಮ್ಮಡಿಯಾದರೆ ಮರುಪೂರಣದ ಕೆಲಸವೂ ಸರಿಸುಮಾರು ಇಮ್ಮಡಿ. ಬ್ಯಾಟರಿಯ ಮಾತು ಮುಂದೆ ಬಂದಾಗ ಇದು ಬೇಕಾಗುತ್ತದೆ. ಇನ್ನು ಮೆಮೊರಿ ಸಾಲದಾದಾಗ ಏನಾಗುತ್ತದೆ ಎಂಬುದು ಹಳೆಯ ವಿಷಯ. ಮ್ಯಾಂಚೆಸ್ಟರಿನ ಅಟ್ಲಾಸ್ ಗಣಕ 1962ರಲ್ಲೇ ಮುಖ್ಯ ಮೆಮೊರಿಯಲ್ಲಿ ಹಿಡಿಸದ ಪುಟಗಳನ್ನು ನಿಧಾನಗತಿಯ ಡ್ರಮ್ಮಿಗೆ ಸಾಗಿಸಿ, ಬೇಕಾದಾಗ ವಾಪಸು ತರುವ ವ್ಯವಸ್ಥೆ ಮಾಡಿಕೊಂಡಿತ್ತು. ಒಂದು ಪ್ರೋಗ್ರಾಂ ನಿರ್ದಿಷ್ಟ ಅವಧಿಯಲ್ಲಿ ನಿಜವಾಗಿ ಮುಟ್ಟುವ ಪುಟಗಳ ಗುಂಪು ಮೆಮೊರಿಯಲ್ಲಿ ಹಿಡಿಸುವವರೆಗೆ ಎಲ್ಲವೂ ಸುಗಮ, ಅದು ಮೀರಿದೊಡನೆ ಕುಸಿತ ಹಠಾತ್ತನೆ ಬರುತ್ತದೆ ಎಂದು 1968ರಲ್ಲಿ ಪೀಟರ್ ಡೆನಿಂಗ್ ತೋರಿಸಿಕೊಟ್ಟರು. ಒಂದೇ ಒಲೆಯ ಮೇಲೆ ನಾಲ್ಕು ಅಡುಗೆ ಬೇಯಿಸಹೊರಟು ಪಾತ್ರೆ ಇಳಿಸುವುದು ಏರಿಸುವುದರಲ್ಲೇ ಹೊತ್ತು ಕಳೆದು ಯಾವುದೂ ಬೇಯದಂಥ ಸ್ಥಿತಿ ಅದು. ಮೆಮೊರಿಯ ಕೊರತೆ ಪ್ರೊಸೆಸರಿನ ಕೊರತೆಯಂಥದ್ದಲ್ಲ ಎಂಬುದು ಇಲ್ಲಿಂದ ಸ್ಪಷ್ಟವಾಗುತ್ತದೆ. ಅರ್ಧ ವೇಗದ ಪ್ರೊಸೆಸರ್ ಕೆಲಸವನ್ನು ಎರಡು ಪಟ್ಟು ಹೊತ್ತಿನಲ್ಲಾದರೂ ಮುಗಿಸುತ್ತದೆ. ಬೇಕಾದ ಅರ್ಧದಷ್ಟೇ ಮೆಮೊರಿ ಇದ್ದರೆ ಕೆಲಸ ಎರಡಲ್ಲ, ನೂರು ಪಟ್ಟು ನಿಧಾನವಾಗಬಹುದು, ಇಲ್ಲವೇ ಅರ್ಧಕ್ಕೇ ನಿಂತುಹೋಗಬಹುದು.

ಬೇಡಿಕೆ ಏರುತ್ತಿರುವುದಕ್ಕೆ ಬಳಕೆದಾರರ ದುಂದುಗಾರಿಕೆಯನ್ನು ದೂರುವವರಿದ್ದಾರೆ. ಆದರೆ ಏರಿಕೆಯ ದೊಡ್ಡ ಭಾಗಕ್ಕೆ ಸಕಾರಣಗಳಿವೆ. ಸ್ಪೆಕ್ಟರ್ ಎಂಬ ಭದ್ರತಾ ದೋಷ ಬಯಲಾದ ಮೇಲೆ 2018ರಲ್ಲಿ ಕ್ರೋಮ್ ಬ್ರೌಸರ್ ಪ್ರತಿ ಜಾಲತಾಣವನ್ನೂ ಬೇರೆಬೇರೆ ಪ್ರಕ್ರಿಯೆಯಲ್ಲಿ ಕೂಡಿಹಾಕಲು ಶುರುಮಾಡಿತು. ಇದಕ್ಕೆ ಶೇ 10ರಿಂದ 13ರಷ್ಟು ಹೆಚ್ಚು ಮೆಮೊರಿ ತಗಲುತ್ತದೆ ಎಂದು ಗೂಗಲ್ ತಾನೇ ಹೇಳಿತು. ಅದು ಸುರಕ್ಷತೆಗೆ ತೆತ್ತ ಬೆಲೆ. ಆಂಡ್ರಾಯ್ಡ್ ಕಾರ್ಯಾಚರಣಾ ವ್ಯವಸ್ಥೆಯನ್ನು ಮೂಲ ಸಂಕೇತದಿಂದ ಕಟ್ಟಲು ಒಂದು ಕಾಲಕ್ಕೆ 16 ಜಿಬಿ ಸಾಕೆಂದಿದ್ದ ಅದೇ ಗೂಗಲ್ ಈಗ ಕನಿಷ್ಠ 64 ಜಿಬಿ ಬೇಕೆನ್ನುತ್ತದೆ. 700 ಕೋಟಿ ನಿಯತಾಂಕಗಳ ಭಾಷಾ ಮಾದರಿಯನ್ನು ನಾಲ್ಕು ಬಿಟ್‌ಗೆ ಕುಗ್ಗಿಸಿದರೂ ಅದರ ತೂಕಾಂಕಗಳಿಗೇ ಮೂರೂವರೆ ಜಿಬಿ ಹೋಗುತ್ತದೆ. 7,000 ಕೋಟಿಯ ಮಾದರಿಗೆ 35 ಜಿಬಿ. ಸಣ್ಣ ಲ್ಯಾಪ್‌ಟಾಪ್‌ಗಳಿಗೆ ಇನ್ನೊಂದು ಹೊರೆಯೂ ಇದೆ. ಅವುಗಳಲ್ಲಿ ಬಹುತೇಕ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವುದಿಲ್ಲ. ಪರದೆಗೆ, ವಿಡಿಯೊಗೆ, ಮೂರು ಆಯಾಮದ ಚಿತ್ರಗಳಿಗೆ ಬೇಕಾದ ಮೆಮೊರಿಯೂ ಇದೇ ರ‍್ಯಾಮಿನಿಂದ ಹೋಗಬೇಕು. 16 ಜಿಬಿಯ ಸಣ್ಣ ಯಂತ್ರ, 16 ಜಿಬಿ ರ‍್ಯಾಮ್ ಜತೆಗೆ ಪ್ರತ್ಯೇಕ ಗ್ರಾಫಿಕ್ಸ್ ಮೆಮೊರಿ ಇರುವ ದೊಡ್ಡ ಯಂತ್ರಕ್ಕೆ ಸಮವಲ್ಲ. ವಿವರಪಟ್ಟಿಗಳಲ್ಲಿ ಮಾತ್ರ ಎರಡೂ ಒಂದೇ ಅಂಕಿಯಾಗಿ ಕಾಣುತ್ತವೆ.

ಮಿತಿಗಳ ಚರಿತ್ರೆಯಲ್ಲಿ ಮೊದಲು ಎದುರಾಗುವುದು ಎಣಿಕೆಯ ಮಿತಿ. 32 ಬಿಟ್‌ಗಳಿಂದ ಗುರುತಿಸಬಹುದಾದ ವಿಳಾಸಗಳು 4 ಜಿಬಿಗೆ ಮುಗಿಯುತ್ತವೆ, ಮತ್ತು ಆ ನಾಲ್ಕರಲ್ಲೇ ಒಂದು ಭಾಗವನ್ನು ಗ್ರಾಫಿಕ್ಸ್ ಮುಂತಾದ ಸಾಧನಗಳು ತಮ್ಮ ವಿಳಾಸಗಳಿಗಾಗಿ ಕಾದಿರಿಸಿಕೊಳ್ಳುತ್ತವೆ. ಹೀಗಾಗಿ 4 ಜಿಬಿ ಹಾಕಿದರೂ ಮೂರು ಚಿಲ್ಲರೆಯಷ್ಟೇ ಬಳಕೆಗೆ ಸಿಗುತ್ತಿತ್ತು. 64 ಬಿಟ್‌ಗೆ ಹೋದರೆ ಈ ತೊಂದರೆ ಕಳೆಯುತ್ತದೆಂದು ಅನೇಕರು ನಂಬಿದ್ದರು. 2006ರ ಕೋರ್ 2 ಡ್ಯುವೊ ಪ್ರೊಸೆಸರ್ 64 ಬಿಟ್‌ನದು; ಆದರೆ ಅದರ ಜತೆಗೆ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಬಂದ ಇಂಟೆಲ್ 945 ಚಿಪ್‌ಸೆಟ್‌ಗೆ 4 ಜಿಬಿಯಾಚೆ ಎಣಿಸಲು ಬರುತ್ತಿರಲಿಲ್ಲ, ಸಾಧನಗಳು ಮರೆಮಾಡಿದ ಭಾಗವನ್ನು ಮೇಲಕ್ಕೆ ಸರಿಸಿ ತೋರಿಸಲೂ ಬರುತ್ತಿರಲಿಲ್ಲ. ಆ ಯಂತ್ರಗಳಿಗೆ ಎರಡು ಸ್ಲಾಟ್ ಇದ್ದವು, ಜಾಗವಿತ್ತು, 64 ಬಿಟ್ ಕಾರ್ಯಾಚರಣಾ ವ್ಯವಸ್ಥೆಯನ್ನೂ ಹಾಕಬಹುದಿತ್ತು. ಆದರೂ ಗೋಡೆ ಕದಲಲಿಲ್ಲ.

ಎರಡನೆಯ ಬಗೆಯ ಮಿತಿ ಚಿಪ್ಪಿನ ಸಾಂದ್ರತೆಯದು. ಇದರ ಲೆಕ್ಕ ಸರಳ. ಲ್ಯಾಪ್‌ಟಾಪಿನ ಸಾಂಪ್ರದಾಯಿಕ ಮೆಮೊರಿ ಹಲಗೆ, ಅಂದರೆ ಸೋ-ಡಿಮ್, ಸುಮಾರು 68ರಿಂದ 70 ಮಿಲಿಮೀಟರ್ ಅಗಲದ್ದು. ಡಿಡಿಆರ್ ಪೀಳಿಗೆಯಿಂದ ಡಿಡಿಆರ್5 ಪೀಳಿಗೆಯವರೆಗೆ ಅದರ ಕಾಲುಗಳ ಸಂಖ್ಯೆ ಬದಲಾಗಿದೆ, ಅಗಲ ಬಹುತೇಕ ಹಾಗೆಯೇ ಉಳಿದಿದೆ. ಸಾಮಾನ್ಯವಾಗಿ ಅದರ ಎರಡು ಮುಖಗಳಲ್ಲಿ ಒಟ್ಟು 16 ಚಿಪ್ ಕೂರುತ್ತವೆ. ಒಂದೊಂದು ಚಿಪ್ 4 ಗಿಗಾಬಿಟ್‌ನದಾದರೆ ಹಲಗೆ 8 ಜಿಬಿ, 8 ಗಿಗಾಬಿಟ್‌ನದಾದರೆ 16, 16ರದಾದರೆ 32, 2023ರಲ್ಲಿ 24 ಗಿಗಾಬಿಟ್ ಚಿಪ್‌ಗಳು ಬಂದಾಗ 48. ಹಲಗೆ ಹೆಚ್ಚೇನೂ ಬೆಳೆಯದೆ ಒಂದು ದಶಕಕ್ಕಿಂತ ತುಸು ಹೆಚ್ಚು ಕಾಲದಲ್ಲಿ ಆರು ಪಟ್ಟು ಹಿಡಿಸಿಕೊಂಡಿತು. ತಯಾರಕರು ವಿವರಪಟ್ಟಿಯಲ್ಲಿ ಬರೆಯುವ ಗರಿಷ್ಠ ಅಂಕಿ ಎಷ್ಟೋ ಸಲ ಆ ಹೊತ್ತಿಗೆ ಮಾರುಕಟ್ಟೆಯಲ್ಲಿದ್ದ, ಅವರು ಪರೀಕ್ಷಿಸಿ ನೋಡಿದ ಹಲಗೆಯ ಅಂಕಿಯಷ್ಟೇ ಆಗಿರುತ್ತಿತ್ತು. 2011ರ ಥಿಂಕ್‌ಪ್ಯಾಡ್ ಎಕ್ಸ್220 ಯಂತ್ರಕ್ಕೆ 8 ಜಿಬಿ ಎಂದು ಹೇಳಲಾಗಿತ್ತು. ಮುಂದೆ 8 ಜಿಬಿಯ ಹಲಗೆಗಳು ಕೈಗೆಟುಕಿದಾಗ ಎರಡು ಹಾಕಿದವರಿಗೆ 16 ಜಿಬಿ ತಕರಾರಿಲ್ಲದೆ ಸಿಕ್ಕಿತು. ಸ್ಲಾಟ್ ಇದ್ದ ಕಾಲದಲ್ಲಿ ಸಾಂದ್ರತೆಯ ಮಿತಿಯನ್ನು ಕಾಲವೇ ಸಡಿಲಿಸುತ್ತಿತ್ತು. ಕೊಂಡವರು ಕಾದರೆ ಸಾಕಿತ್ತು.

ಮೂರನೆಯ ಬಗೆಯ ಮಿತಿಗೆ ತಾಂತ್ರಿಕ ಕಾರಣ ಹುಡುಕುವುದು ವ್ಯರ್ಥ. 2007ರ ಕೊನೆಯಲ್ಲಿ ಆಸುಸ್ ಕಂಪನಿ ಏಳು ಇಂಚಿನ ಈಈಈ ಪಿಸಿಯನ್ನು 512 ಎಂಬಿ ಮೆಮೊರಿಯೊಂದಿಗೆ ತಂದಾಗ ನೆಟ್‌ಬುಕ್ ಎಂಬ ಹೊಸ ವರ್ಗವೇ ಹುಟ್ಟಿತು. ಇದು ದುಬಾರಿ ಲ್ಯಾಪ್‌ಟಾಪ್‌ಗಳ ವ್ಯಾಪಾರವನ್ನು ನುಂಗೀತೆಂಬ ಭಯ ಉದ್ಯಮದಲ್ಲಿ ಹರಡಿತು. ಮೈಕ್ರೋಸಾಫ್ಟ್ ಇಂಥ ಯಂತ್ರಗಳಿಗೆ ವಿಂಡೋಸ್ ಎಕ್ಸ್‌ಪಿಯನ್ನು ಅಗ್ಗದಲ್ಲಿ ಕೊಡುವಾಗ ಮೆಮೊರಿ 1 ಜಿಬಿ ಮೀರಬಾರದೆಂಬ ಷರತ್ತು ಹಾಕಿತು. 2009ರ ವಿಂಡೋಸ್ 7 ಸ್ಟಾರ್ಟರ್ ಆವೃತ್ತಿ 2 ಜಿಬಿಗಿಂತ ಹೆಚ್ಚಿನದನ್ನು ಬಳಸಲೇ ನಿರಾಕರಿಸುತ್ತಿತ್ತು. ಅದೇ ವಿಂಡೋಸ್ 7ರ ಹೋಮ್ ಪ್ರೀಮಿಯಂ ಆವೃತ್ತಿಯ 64 ಬಿಟ್ ರೂಪ 16 ಜಿಬಿಯವರೆಗೆ ಬಳಸುತ್ತಿತ್ತು. ಇತ್ತ ಇಂಟೆಲ್ ಆಟಮ್ ಎನ್450 ಪ್ರೊಸೆಸರಿನ ಮೆಮೊರಿ ನಿಯಂತ್ರಕವನ್ನು 2 ಜಿಬಿಗೆ ಸೀಮಿತಗೊಳಿಸಿತು. ಅದೇ ಕಾಲದಲ್ಲಿ ಅದೇ ಕಂಪನಿಯ ಇತರ ಪ್ರೊಸೆಸರುಗಳು 8 ಜಿಬಿ ನಿಭಾಯಿಸುತ್ತಿದ್ದವು. ಸಣ್ಣ ಯಂತ್ರ ಕೊಳ್ಳುವವನು ಸಣ್ಣ ಕೆಲಸದವನೇ ಆಗಿರಬೇಕೆಂಬ ಎಣಿಕೆ ಉದ್ಯಮದ ಮನಸ್ಸಿನಲ್ಲಿ ಗಟ್ಟಿಯಾಗಿ ಬೇರೂರಿದ್ದು ಈ ವರ್ಷಗಳಲ್ಲಿ. ಓಡಾಟ ಹೆಚ್ಚಿರುವುದರಿಂದ ಹಗುರವಾದ ಯಂತ್ರ ಬೇಕು, ಆದರೆ ಕೆಲಸ ಹಗುರವಲ್ಲ ಎನ್ನುವ ಮನುಷ್ಯನಿಗೆ ಅಂಗಡಿಯಲ್ಲಿ ಹೆಸರೇ ಇರಲಿಲ್ಲ. ಆ ಎಣಿಕೆ ಇಂದಿಗೂ ಪೂರ್ತಿ ಹೋಗಿಲ್ಲ. ಹೆಚ್ಚು ಮೆಮೊರಿ ಬೇಕೆಂದರೆ ಹೆಚ್ಚು ದೊಡ್ಡ ಪರದೆಯನ್ನೋ ಹೆಚ್ಚು ಬೆಲೆಯ ಪ್ರೊಸೆಸರನ್ನೋ ಜತೆಗೆ ಕೊಳ್ಳಲೇಬೇಕಾದ ಮಾದರಿಗಳು ಎಲ್ಲ ದೊಡ್ಡ ಬ್ರ್ಯಾಂಡ್‌ಗಳಲ್ಲೂ ಇವೆ.

ನೆಟ್‌ಬುಕ್‌ಗಳ ಕಾಲದ ಬೆನ್ನಿಗೇ ವೃತ್ತಿಪರರಿಗೆಂದೇ ಮಾಡಿದ ಯಂತ್ರಗಳಲ್ಲೂ ಹಿನ್ನಡೆ ಕಂಡಿತು. ಥಿಂಕ್‌ಪ್ಯಾಡ್ ಎಕ್ಸ್ ಸರಣಿ ಇದಕ್ಕೆ ಒಳ್ಳೆಯ ಸಾಕ್ಷಿ, ಏಕೆಂದರೆ ಅದರ 12.5 ಇಂಚಿನ ಅಳತೆ ವರ್ಷಗಟ್ಟಲೆ ಬದಲಾಗಲಿಲ್ಲ. 2012ರ ಎಕ್ಸ್230ರಲ್ಲಿ ಎರಡು ಸ್ಲಾಟ್, 16 ಜಿಬಿ. 2013ರ ಎಕ್ಸ್240ರಲ್ಲಿ ಒಂದೇ ಸ್ಲಾಟ್, 8 ಜಿಬಿ. ಹೊಸ ಯಂತ್ರ ಹಳೆಯದಕ್ಕಿಂತ ತೆಳ್ಳಗಿತ್ತು, ಅದರ ಬ್ಯಾಟರಿ ಹೆಚ್ಚು ಬಾಳುತ್ತಿತ್ತು, ಮೆಮೊರಿ ಮಾತ್ರ ಅರ್ಧವಾಗಿತ್ತು. ಒಂದೇ ಹಲಗೆಯಲ್ಲಿ 16 ಜಿಬಿ ಹಾಕಿ ನಷ್ಟ ತುಂಬಿಕೊಳ್ಳೋಣವೆಂದರೆ ಅದಕ್ಕೆ 8 ಗಿಗಾಬಿಟ್‌ನ ಚಿಪ್ ಬೇಕು. ಎಕ್ಸ್240ರ ಹ್ಯಾಸ್‌ವೆಲ್ ಪೀಳಿಗೆಯ ನಿಯಂತ್ರಕ ಅದನ್ನು ಗುರುತಿಸುತ್ತಿರಲಿಲ್ಲ. ಮುಂದಿನ ಬ್ರಾಡ್‌ವೆಲ್ ಪೀಳಿಗೆ ಗುರುತಿಸಿತು. ಎಕ್ಸ್250ರ ಅದೇ ಒಂದು ಸ್ಲಾಟಿನಲ್ಲಿ 16 ಜಿಬಿ ಹಲಗೆ ಓಡಿತು. 2018ರ ಎಕ್ಸ್280 ಬರುವಾಗ ಆ ಒಂದು ಸ್ಲಾಟೂ ಹೋಗಿ ಮೆಮೊರಿಯನ್ನು ಬೋರ್ಡಿಗೇ ಬೆಸೆದು, ಗರಿಷ್ಠ 16 ಜಿಬಿ ಎಂದು ನಿಲ್ಲಿಸಲಾಯಿತು. ಇಲ್ಲಿ ಜಾಗದ ವಾದಕ್ಕೆ ಸ್ವಲ್ಪ ಬಲವಿದೆ ಎಂದು ಒಪ್ಪಬೇಕು: ಸ್ಲಾಟ್ ತೆಗೆದಾಗ ಯಂತ್ರ ತೆಳುವಾದದ್ದು ನಿಜ. ಆದರೆ ಆರು ವರ್ಷ ಹಿಂದಿನ ಯಂತ್ರದ ಮಿತಿಯೂ ಹೊಸ ಯಂತ್ರದ ಮಿತಿಯೂ ಒಂದೇ 16 ಜಿಬಿ ಆಗಿ ಉಳಿದುದಕ್ಕೆ ಜಾಗ ಕಾರಣವಲ್ಲ. ಆ ಆರು ವರ್ಷಗಳಲ್ಲಿ ಚಿಪ್ಪಿನ ಸಾಂದ್ರತೆ ಏರಿತ್ತು. ಏರಿಕೆಯ ಲಾಭವನ್ನು ಸ್ಲಾಟ್ ತೆಗೆಯುವುದಕ್ಕೆ ಖರ್ಚು ಮಾಡಲಾಯಿತು, ಬಳಕೆದಾರನಿಗೆ ದಾಟಿಸಲಿಲ್ಲ.

ಬೆಸುಗೆಯ ಹಾದಿ ತೆರೆದದ್ದು 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ತೋರಿಸಿದ ಮ್ಯಾಕ್‌ಬುಕ್ ಏರ್. ಅದರಲ್ಲಿ 2 ಜಿಬಿ ಮೆಮೊರಿಯನ್ನು ಬೋರ್ಡಿಗೆ ಬೆಸೆದಿದ್ದರು. ತೂಕ ಮೂರು ಪೌಂಡ್, ಅಂದರೆ 1.36 ಕಿಲೋ. 2012ರಲ್ಲಿ ವೃತ್ತಿಪರರ ಮ್ಯಾಕ್‌ಬುಕ್ ಪ್ರೊ ಕೂಡ ರೆಟಿನಾ ಪರದೆಯೊಂದಿಗೆ ಅದೇ ಹಾದಿ ಹಿಡಿಯಿತು. ಆಗ 16 ಜಿಬಿ ಉದಾರವೆನಿಸಿತ್ತು. ನಾಲ್ಕು ವರ್ಷಗಳ ಮೇಲೆ, 2016ರ ಮ್ಯಾಕ್‌ಬುಕ್ ಪ್ರೊ ಕೂಡ 16 ಜಿಬಿಯಲ್ಲೇ ನಿಂತಾಗ ವಿಡಿಯೊ ಸಂಕಲನಕಾರರೂ ತಂತ್ರಾಂಶ ಬರೆಯುವವರೂ ಬಹಿರಂಗವಾಗಿ ಸಿಟ್ಟಾದರು. ಆಪಲ್‌ನ ಫಿಲ್ ಶಿಲ್ಲರ್ ಕೊಟ್ಟ ಉತ್ತರದ ಸಾರಾಂಶ ಬ್ಯಾಟರಿ: 32 ಜಿಬಿ ಬೇಕಾದರೆ ಹೆಚ್ಚು ವಿದ್ಯುತ್ ಎಳೆಯುವ ಬೇರೆ ಬಗೆಯ ಮೆಮೊರಿಗೆ ಹೋಗಬೇಕಾಗುತ್ತದೆ ಎಂದು. ಈ ಉತ್ತರ ಸುಳ್ಳಲ್ಲ. ಫೋನ್‌ಗಳಿಗಾಗಿ ರೂಪಿಸಿದ ಎಲ್‌ಪಿಡಿಡಿಆರ್ ಬಗೆಯ ಮೆಮೊರಿ ಮಲಗಿದ್ದಾಗ ಬಹಳ ಕಡಿಮೆ ವಿದ್ಯುತ್ ಬಳಸುತ್ತದೆ; ಚಿಪ್ ಎಷ್ಟು ತಂಪಾಗಿದೆ ಎಂದು ನೋಡಿಕೊಂಡು ಮರುಪೂರಣದ ಅವಧಿಯನ್ನು ಹಿಗ್ಗಿಸುತ್ತದೆ. ಇಂಟೆಲ್‌ನ ಆ ಪೀಳಿಗೆಯ ಪ್ರೊಸೆಸರುಗಳಿಗೆ ಎಲ್‌ಪಿಡಿಡಿಆರ್3 ಗೊತ್ತಿತ್ತು, ಎಲ್‌ಪಿಡಿಡಿಆರ್4 ಗೊತ್ತಿರಲಿಲ್ಲ. ಎಲ್‌ಪಿಡಿಡಿಆರ್3ರಲ್ಲಿ 16 ಜಿಬಿಯೇ ಕೊನೆ. ಡೆಲ್ ಎಕ್ಸ್‌ಪಿಎಸ್ 13ರಂಥ ಯಂತ್ರಗಳೂ ಇದೇ ಗೋಡೆಗೆ ಒರಗಿ ನಿಂತಿದ್ದವು. ಎಲ್‌ಪಿಡಿಡಿಆರ್4ಎಕ್ಸ್ ಬಲ್ಲ ಇಂಟೆಲ್‌ನ ಐಸ್‌ಲೇಕ್ ಪೀಳಿಗೆ 2019ರಲ್ಲಿ ಬಂದ ಮೇಲೆ, 2020ರಲ್ಲಿ ಎಕ್ಸ್‌ಪಿಎಸ್ 13 ಮತ್ತು 13 ಇಂಚಿನ ಮ್ಯಾಕ್‌ಬುಕ್ ಪ್ರೊ ಎರಡೂ 32 ಜಿಬಿಗೆ ಏರಿದವು. ಅವುಗಳ ಗಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಪ್ರೊಸೆಸರ್ ತಯಾರಕನೊಬ್ಬನ ವೇಳಾಪಟ್ಟಿ ಹಿಂದೆ ಬಿದ್ದುದಕ್ಕೆ ಸಣ್ಣ ಲ್ಯಾಪ್‌ಟಾಪ್ ಕೊಂಡವರೆಲ್ಲ ಮೂರು ನಾಲ್ಕು ವರ್ಷ ದಂಡ ಕಟ್ಟಿದ್ದರು.

ಶಿಲ್ಲರ್ ಉತ್ತರದ ಇನ್ನರ್ಧ 2018ರಲ್ಲಿ ಬಯಲಾಯಿತು. ಆ ವರ್ಷದ 15 ಇಂಚಿನ ಮ್ಯಾಕ್‌ಬುಕ್ ಪ್ರೊ ಸಾಮಾನ್ಯ ಡಿಡಿಆರ್4 ಮೆಮೊರಿಯನ್ನೇ ತೆಗೆದುಕೊಂಡು 32 ಜಿಬಿ ಕೊಟ್ಟಿತು. ಬ್ಯಾಟರಿಯನ್ನು 76 ವ್ಯಾಟ್-ಅವರ್‌ನಿಂದ 83.6ಕ್ಕೆ ಏರಿಸಿ, ಹೊರಕವಚ ಹಾಗೆಯೇ ಉಳಿಸಿಕೊಂಡು, ಬ್ಯಾಟರಿ ಬಾಳುವ ಅವಧಿ ಕುಗ್ಗಿಲ್ಲವೆಂದು ಕಂಪನಿ ಹೇಳಿತು. ಅಂದರೆ ಎರಡು ವರ್ಷ ಮೊದಲು ಅಸಾಧ್ಯವೆಂದು ಕಂಡದ್ದು ಒಂದು ಆಯ್ಕೆಯಾಗಿತ್ತು. ಬ್ಯಾಟರಿಯ ಕಾಳಜಿ ನ್ಯಾಯವಾದದ್ದೇ. ಹೆಚ್ಚು ಮೆಮೊರಿ ಹೆಚ್ಚು ವಿದ್ಯುತ್ ತಿನ್ನುತ್ತದೆಂಬುದು ಡೆನಾರ್ಡ್ ವಿನ್ಯಾಸದಲ್ಲೇ ಅಡಗಿರುವ ಸತ್ಯ. ಆದರೆ ಒಂದು ಗಂಟೆ ಕಡಿಮೆ ಬ್ಯಾಟರಿ ಸಾಕು, ಮೆಮೊರಿ ಇಮ್ಮಡಿ ಬೇಕು ಎನ್ನುವ ಹಕ್ಕು ಬಳಕೆದಾರನಿಗೆ ಇರಬೇಕಿತ್ತು. ಕೆಲಸ ಮುಗಿಯದ ಹತ್ತು ಗಂಟೆಗಿಂತ ಮುಗಿಯುವ ಎಂಟು ಗಂಟೆ ಮೇಲು ಎನ್ನುವವರು ಸಾಕಷ್ಟು ಮಂದಿ ಇದ್ದಾರೆ.

ಬೆಸುಗೆಯ ಪರವಾದ ಅತ್ಯಂತ ಗಟ್ಟಿ ವಾದ ವೇಗದ್ದು. ಸಂಕೇತಗಳು ಸೆಕೆಂಡಿಗೆ ಸಾವಿರಾರು ಕೋಟಿ ಸಲವಲ್ಲದಿದ್ದರೂ ನೂರಾರು ಕೋಟಿ ಸಲ ಬದಲಾಗುವಾಗ ತಂತಿಯ ಪ್ರತಿ ಮಿಲಿಮೀಟರೂ, ಸ್ಲಾಟಿನ ಪ್ರತಿ ಸಂಪರ್ಕ ಬಿಂದುವೂ ಅವನ್ನು ಕೆಡಿಸುತ್ತದೆ. ಡಿಡಿಆರ್5 ಸೋ-ಡಿಮ್ ಎರಡು ಹಾಕಿದ ಸಾಮಾನ್ಯ ಲ್ಯಾಪ್‌ಟಾಪ್ 5600ರ ವೇಗದಲ್ಲಿ ಸೆಕೆಂಡಿಗೆ ಸುಮಾರು 90 ಜಿಬಿ ಸಾಗಿಸಬಲ್ಲದು. 2024ರ ಇಂಟೆಲ್ ಲೂನಾರ್ ಲೇಕ್ ಪ್ರೊಸೆಸರಿನ ಕವಚದೊಳಗೇ ಕೂತ ಎಲ್‌ಪಿಡಿಡಿಆರ್5ಎಕ್ಸ್ 8533ರ ವೇಗದಲ್ಲಿ ಸುಮಾರು 136 ಜಿಬಿ ಸಾಗಿಸುತ್ತದೆ. ಆಪಲ್‌ನ ಎಂ1 ಮ್ಯಾಕ್ಸ್ ಅಗಲವಾದ ಹಾದಿ ಮಾಡಿಕೊಂಡು 400 ಜಿಬಿ ಮುಟ್ಟಿತು. ಗ್ರಾಫಿಕ್ಸ್ ಮತ್ತು ಭಾಷಾ ಮಾದರಿಗಳಿಗೆ ಈ ವೇಗ ಜೀವಾಳ. ಇದನ್ನು ಅಲ್ಲಗಳೆದು ವಾದ ಮಾಡಿದರೆ ಅದು ಪ್ರಾಮಾಣಿಕವಾಗದು. ಆದರೆ ವೇಗದ ವಾದ ಮೆಮೊರಿಯನ್ನು ಹತ್ತಿರ ಕೂರಿಸಬೇಕೆಂದು ಹೇಳುತ್ತದೆಯೇ ಹೊರತು ಕಡಿಮೆ ಕೂರಿಸಬೇಕೆಂದು ಹೇಳುವುದಿಲ್ಲ. ಲೂನಾರ್ ಲೇಕ್ 32 ಜಿಬಿಗೆ ನಿಂತಿತು, ಅದಕ್ಕಿಂತ ಹೆಚ್ಚಿನ ಆಯ್ಕೆಯೇ ಇರಲಿಲ್ಲ. ಮೆಮೊರಿಯನ್ನು ಪ್ರೊಸೆಸರಿನೊಳಗೆ ಸೇರಿಸುವ ಈ ಕ್ರಮ ಮುಂದುವರಿಯದೆಂದು ಅದೇ ವರ್ಷದ ಅಕ್ಟೋಬರಿನಲ್ಲಿ ಇಂಟೆಲ್‌ನ ಆಗಿನ ಮುಖ್ಯಸ್ಥ ಪ್ಯಾಟ್ ಗೆಲ್ಸಿಂಗರ್ ಹೇಳಿದರು. ಅವರು ಕೊಟ್ಟ ಕಾರಣ ಲಾಭಾಂಶದ್ದು. ಆಪಲ್‌ನ ಎಂ1 2020ರಲ್ಲಿ 16 ಜಿಬಿಗೆ, ಎಂ2 24ಕ್ಕೆ, ಎಂ4 32ಕ್ಕೆ ಸೀಮಿತವಾದವು. ಅದೇ ಕಂಪನಿಯ ಅದೇ ವಿಧಾನದ ಎಂ3 ಮ್ಯಾಕ್ಸ್ 2023ರಲ್ಲೇ 14 ಇಂಚಿನ ಯಂತ್ರದಲ್ಲಿ 128 ಜಿಬಿ ಕೊಟ್ಟಿತ್ತು. ಬೆಲೆಯ ಏಣಿಯ ಯಾವ ಮೆಟ್ಟಿಲಲ್ಲಿ ಗ್ರಾಹಕ ನಿಂತಿದ್ದಾನೆ ಎಂಬುದೇ ಈ ಅಂಕಿಗಳ ನಡುವಿನ ಅಂತರದ ಬಹುಪಾಲು.

ಜಾಗದ ವಾದಕ್ಕೆ ನೇರ ಉತ್ತರ ಕೊಡುವ ಯಂತ್ರಗಳೂ ಈಗ ಇವೆ. ಅಮೆರಿಕದ ಫ್ರೇಮ್‌ವರ್ಕ್ ಕಂಪನಿ 2021ರಲ್ಲಿ ತಂದ 13.5 ಇಂಚಿನ ಲ್ಯಾಪ್‌ಟಾಪ್ 15.85 ಮಿಲಿಮೀಟರ್ ದಪ್ಪ, 1.3 ಕಿಲೋ ತೂಕ. ಒಳಗೆ ಎರಡು ಸೋ-ಡಿಮ್ ಸ್ಲಾಟ್, 64 ಜಿಬಿಯವರೆಗೆ ಮೆಮೊರಿ. ಅದೇ ಕಾಲದ ಎಂ1 ಮ್ಯಾಕ್‌ಬುಕ್ ಏರ್ ತನ್ನ ದಪ್ಪ ತುದಿಯಲ್ಲಿ 16.1 ಮಿಲಿಮೀಟರ್ ಇತ್ತು, ತೂಕ 1.29 ಕಿಲೋ, ಮೆಮೊರಿ 16 ಜಿಬಿ. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಸ್ಲಾಟಿಗೆ ಜಾಗವೆಲ್ಲಿ ಎಂದು ಕೇಳುವುದು ಕಷ್ಟ. ಏರ್‌ನ ಬ್ಯಾಟರಿ ಹೆಚ್ಚು ಬಾಳುತ್ತದೆ, ಅದಕ್ಕೆ ಫ್ಯಾನೂ ಬೇಡ ಎಂಬುದು ನಿಜ. ಅದರ ಶ್ರೇಯಸ್ಸು ಹೆಚ್ಚಾಗಿ ಸಲ್ಲಬೇಕಾದದ್ದು ಪ್ರೊಸೆಸರಿಗೆ. ಬೆಸೆದ ಮೆಮೊರಿಯಲ್ಲೂ ಸಣ್ಣ ಗಾತ್ರ ಅಡ್ಡಿಯಲ್ಲವೆಂದು 2025ರಲ್ಲಿ ಎಎಂಡಿಯ ರೈಜೆನ್ ಎಐ ಮ್ಯಾಕ್ಸ್ ಪ್ರೊಸೆಸರುಗಳು ತೋರಿಸಿದವು: ಎಚ್‌ಪಿಯ 14 ಇಂಚಿನ ಜೆಡ್‌ಬುಕ್ ಅಲ್ಟ್ರಾ, ಆಸುಸ್‌ನ 13 ಇಂಚಿನ ಫ್ಲೋ ಜೆಡ್13 ಎರಡೂ 128 ಜಿಬಿಯವರೆಗೆ ಸಿಗುತ್ತವೆ.

ಇನ್ನೊಂದು ಆಕ್ಷೇಪ ಬೇರೆ ದಿಕ್ಕಿನಿಂದ ಬರುತ್ತದೆ: ಈಗಿನ ಎಸ್‌ಎಸ್‌ಡಿಗಳು ಎಷ್ಟು ಚುರುಕೆಂದರೆ ಮೆಮೊರಿ ಸಾಲದಿದ್ದರೂ ಬಳಕೆದಾರನಿಗೆ ಗೊತ್ತಾಗುವುದಿಲ್ಲ; ಸಾಲದ್ದಕ್ಕೆ ಮ್ಯಾಕ್ 2013ರಿಂದ, ವಿಂಡೋಸ್ 10 2015ರಿಂದ ಮೆಮೊರಿಯಲ್ಲಿರುವುದನ್ನು ಅಲ್ಲೇ ಒತ್ತಿ ಕುಗ್ಗಿಸಿಡುತ್ತವೆ. 2023ರ ನವೆಂಬರಿನಲ್ಲಿ ಆಪಲ್‌ನ ಬಾಬ್ ಬೋರ್ಚರ್ಸ್, ತಮ್ಮ ಯಂತ್ರಗಳ 8 ಜಿಬಿ ಬೇರೆಯವರ 16 ಜಿಬಿಗೆ ಹೋಲುತ್ತದೆ ಎಂಬರ್ಥದ ಮಾತನಾಡಿದ್ದರು. ಹಗುರ ಕೆಲಸಕ್ಕೆ ಈ ಮಾತಿನಲ್ಲಿ ಹುರುಳಿದೆ. ಮರೆಯಲ್ಲಿ ತೆರೆದಿಟ್ಟು ಗಂಟೆಗಟ್ಟಲೆ ಮುಟ್ಟದ ಬ್ರೌಸರ್ ಪುಟಗಳನ್ನು ಒತ್ತಿಟ್ಟರೆ ಯಾರಿಗೂ ನಷ್ಟವಿಲ್ಲ. ಭಾರದ ಕೆಲಸದ ಸ್ವರೂಪ ಬೇರೆ: ಅಲ್ಲಿ ಮೆಮೊರಿಯಲ್ಲಿರುವ ಬಹುಪಾಲು ಪುಟಗಳು ಮತ್ತೆ ಮತ್ತೆ ಬೇಕಾಗುತ್ತವೆ. ರ‍್ಯಾಮಿನಿಂದ ಒಂದು ಪುಟದ ಮೊದಲ ಬೈಟ್ ಬರಲು ಸುಮಾರು 100 ನ್ಯಾನೊಸೆಕೆಂಡ್. ಒಳ್ಳೆಯ ಎಸ್‌ಎಸ್‌ಡಿಯಿಂದ ಬರಲು ಅದರ ನೂರಾರು ಪಟ್ಟು. ಭಾಷಾ ಮಾದರಿಯ ತೂಕಾಂಕಗಳನ್ನು ಪ್ರತಿ ಪದಕ್ಕೂ ಒಮ್ಮೆ ಪೂರ್ತಿ ಓದಬೇಕು. ಎನ್‌ಕ್ರಿಪ್ಟ್ ಮಾಡಿದ ದತ್ತಾಂಶ, ಈಗಾಗಲೇ ಕುಗ್ಗಿಸಿದ ವಿಡಿಯೊ ಮತ್ತೆ ಒತ್ತಿದರೆ ಕುಗ್ಗುವುದಿಲ್ಲ. ಡೆನಿಂಗ್ ಹೇಳಿದ ಹಠಾತ್ ಕುಸಿತವನ್ನು ಚುರುಕಾದ ಎಸ್‌ಎಸ್‌ಡಿ ಮುಂದೂಡುತ್ತದೆ, ಇಲ್ಲವಾಗಿಸುವುದಿಲ್ಲ. ಮಾರುಕಟ್ಟೆಯೇ ಈ ಚರ್ಚೆಗೆ ತೆರೆ ಎಳೆಯಿತು: 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ತನ್ನ ಕೋಪೈಲಟ್ ಪ್ಲಸ್ ಯಂತ್ರಗಳಿಗೆ 16 ಜಿಬಿ ಕನಿಷ್ಠವೆಂದು ನಿಗದಿ ಮಾಡಿತು, ಅಕ್ಟೋಬರಿನಲ್ಲಿ ಆಪಲ್ ಕೂಡ ಮ್ಯಾಕ್‌ಬುಕ್ ಏರ್‌ನ ಆರಂಭಿಕ ಮೆಮೊರಿಯನ್ನು ಬೆಲೆ ಏರಿಸದೆ 8ರಿಂದ 16 ಜಿಬಿಗೆ ಏರಿಸಿತು.

ಲ್ಯಾಪ್‌ಟಾಪ್ ತೆರೆದು ಮೆಮೊರಿ ಬದಲಿಸುವವರು ಎಷ್ಟು ಮಂದಿ, ಅವರಿಗಾಗಿ ಎಲ್ಲರ ಯಂತ್ರದಲ್ಲೂ ಸ್ಲಾಟ್ ಇಡಬೇಕೇ ಎಂದು ಕೇಳುವವರಿಗೆ ಮೊದಲ ಉತ್ತರ ಹಣದ್ದು. ಬೆಸೆದ ಮೆಮೊರಿಗೆ ಒಬ್ಬನೇ ವ್ಯಾಪಾರಿ, ಕೊಳ್ಳಲು ಒಂದೇ ದಿನ. 8ರಿಂದ 16 ಜಿಬಿಗೆ ಹೋಗಲು ಆಪಲ್ ವರ್ಷಗಟ್ಟಲೆ ಅಮೆರಿಕದಲ್ಲಿ 200 ಡಾಲರ್, ಭಾರತದಲ್ಲಿ 20,000 ರೂಪಾಯಿ ಕೇಳುತ್ತಿತ್ತು. ಅದೇ 8 ಜಿಬಿ ಬಿಡಿ ಹಲಗೆಯಾಗಿ ಅದರ ಸಣ್ಣ ಪಾಲಿಗೆ ಸಿಗುತ್ತಿತ್ತು. ರ‍್ಯಾಮ್ ಚಿಪ್‌ಗಳ ಪೇಟೆ ಬಹುಮಟ್ಟಿಗೆ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪನಿಗಳ ಕೈಯಲ್ಲಿದೆ, ಅಲ್ಲಿ ಬೆಲೆ ಏರಿಳಿಯುತ್ತಲೇ ಇರುತ್ತದೆ. 2025ರ ಉತ್ತರಾರ್ಧದಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಬೆಲೆ ಜಿಗಿಯಿತು. ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಇಂಥ ಹೊತ್ತಿನಲ್ಲಿ ಸ್ಲಾಟ್ ಇರುವ ಯಂತ್ರ ಕೊಂಡವರು ಸದ್ಯಕ್ಕೆ ಸಾಕಾದಷ್ಟು ಹಾಕಿಕೊಂಡು ಬೆಲೆ ಇಳಿಯುವುದನ್ನು ಕಾಯಬಹುದು. ಬೆಸೆದ ಯಂತ್ರ ಕೊಂಡವರು ಐದು ವರ್ಷಗಳ ಮುಂದಿನ ಕೆಲಸವನ್ನು ಊಹಿಸಿ ಅತಿ ದುಬಾರಿ ದಿನದಲ್ಲೇ ಪೂರ್ತಿ ಹಣ ಕಟ್ಟಬೇಕು. ಎರಡನೆಯ ಉತ್ತರ ಯಂತ್ರದ ಎರಡನೇ ಬಾಳಿಗೆ ಸಂಬಂಧಿಸಿದ್ದು. ಕಚೇರಿಗಳಿಂದ ಹೊರಬಿದ್ದ ಹಳೆಯ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆ, ದೆಹಲಿಯ ನೆಹರೂ ಪ್ಲೇಸ್‌ಗಳಂಥ ಪೇಟೆಗಳಲ್ಲಿ ಮೆಮೊರಿ, ಡಿಸ್ಕ್ ಬದಲಿಸಿಕೊಂಡು ವಿದ್ಯಾರ್ಥಿಗಳ ಕೈಸೇರುತ್ತವೆ. ಮೆಮೊರಿ ಬದಲಿಸಲಾಗದ 8 ಜಿಬಿಯ ಯಂತ್ರಕ್ಕೆ ಆ ಎರಡನೇ ಬಾಳು ಬಲು ಚಿಕ್ಕದು. ಒಂದು ಮೆಮೊರಿ ಚಿಪ್ ಕೆಟ್ಟರೆ ಇಡೀ ಬೋರ್ಡು ಬದಲಿಸಬೇಕಾಗುವ ಸಂಕಟ ಬೇರೆ. ತೆರೆದು ಬದಲಿಸುವವರು ಕಡಿಮೆ ಇರಬಹುದು. ಹಾಗೆ ಬದಲಿಸಿದ ಯಂತ್ರವನ್ನು ಬಳಸುವವರು ಕಡಿಮೆಯಲ್ಲ.

ಭಾರದ ಕೆಲಸವನ್ನು ದೂರದ ಸರ್ವರಿಗೆ ವಹಿಸಿ, ಲ್ಯಾಪ್‌ಟಾಪನ್ನು ಕಿಟಕಿಯಷ್ಟಕ್ಕೆ ಬಳಸಿರಿ ಎಂಬ ಸಲಹೆ ದೊಡ್ಡ ಕಂಪನಿಗಳ ಎಂಜಿನಿಯರುಗಳಿಗೆ ಸರಿಹೊಂದುತ್ತದೆ. ಆಸ್ಪತ್ರೆಯ ದಾಖಲೆ, ನ್ಯಾಯಾಲಯದ ಕಡತ, ಕ್ಷೇತ್ರಕಾರ್ಯದ ಧ್ವನಿಮುದ್ರಣಗಳ ಮೇಲೆ ಕೆಲಸ ಮಾಡುವವರಿಗೆ ದತ್ತಾಂಶ ಹೊರಗೆ ಕಳಿಸುವ ಸ್ವಾತಂತ್ರ್ಯ ಇರುವುದಿಲ್ಲ. ಸ್ವಂತ ಖರ್ಚಿನಲ್ಲಿ ದುಡಿಯುವವರಿಗೆ ತಿಂಗಳ ಬಾಡಿಗೆ ಕೆಲವೇ ತಿಂಗಳಲ್ಲಿ ರ‍್ಯಾಮಿನ ಬೆಲೆಯನ್ನು ಮೀರಬಹುದು, ಸಂಪರ್ಕ ಕಡಿದಾಗ ಕೆಲಸವೂ ನಿಲ್ಲುತ್ತದೆ.

ವೇಗ, ವಿದ್ಯುತ್ತು, ಬದಲಾವಣೆಯ ಅವಕಾಶ ಮೂರನ್ನೂ ಒಟ್ಟಿಗೆ ಕೊಡುವ ಪ್ರಯತ್ನವೊಂದು ಈಗ ನಡೆದಿದೆ. ಡೆಲ್ 2022ರಲ್ಲಿ ತನ್ನ ಪ್ರಿಸಿಷನ್ ಯಂತ್ರಗಳಲ್ಲಿ ಸೋ-ಡಿಮ್ ಬದಲಿಗೆ ಚಪ್ಪಟೆಯಾಗಿ ಬೋರ್ಡಿನ ಮೇಲೆ ಒತ್ತಿ, ಸ್ಕ್ರೂ ಬಿಗಿದು ಕೂರಿಸುವ ಕ್ಯಾಮ್ ಎಂಬ ಹಲಗೆಯನ್ನು ತಂದಿತು. ಮೊದಲು ಒಂದೇ ಕಂಪನಿಯ ಸೊತ್ತೆಂದು ಟೀಕೆಗೊಳಗಾದ ಇದನ್ನು ಮೆಮೊರಿ ಮಾನಕಗಳ ಸಂಸ್ಥೆ ಜೆಡೆಕ್ ಪರಿಷ್ಕರಿಸಿ 2023ರ ಡಿಸೆಂಬರಿನಲ್ಲಿ ಕ್ಯಾಮ್2 ಮಾನಕವಾಗಿ ಪ್ರಕಟಿಸಿತು. ಇದರ ಎಲ್‌ಪಿಕ್ಯಾಮ್2 ರೂಪದಲ್ಲಿ ಫೋನಿನ ಬಗೆಯ ಕಡಿಮೆ ವಿದ್ಯುತ್ತಿನ ಮೆಮೊರಿಯನ್ನೇ ಕಳಚಬಹುದಾದ ಹಲಗೆಯ ಮೇಲೆ ಕೂರಿಸಲಾಗಿದೆ. 2024ರ ಥಿಂಕ್‌ಪ್ಯಾಡ್ ಪಿ1 ಇದನ್ನು ಅಳವಡಿಸಿಕೊಂಡು 64 ಜಿಬಿ ಕೊಟ್ಟಿತು. ಒಂದೇ ಹಲಗೆ 128 ಬಿಟ್‌ನ ಪೂರ್ತಿ ಹಾದಿಯನ್ನು ತುಂಬುವುದರಿಂದ ಎರಡು ಸ್ಲಾಟಿನ ಅಗತ್ಯವೂ ಇಲ್ಲ, 7500ರ ವೇಗದಲ್ಲಿ ಸೆಕೆಂಡಿಗೆ 120 ಜಿಬಿ ಸಾಗಣೆ ಸಾಧ್ಯ. ಲೂನಾರ್ ಲೇಕ್‌ನ ಬೆಸೆದ ಮೆಮೊರಿಗೂ ಇದಕ್ಕೂ ಇರುವ ಅಂತರ ಶೇ 12ರಷ್ಟು. ಇದರ ಕೈಲಾಗದ್ದೂ ಇದೆ. ಫ್ರೇಮ್‌ವರ್ಕ್ ಕಂಪನಿ 2025ರಲ್ಲಿ ರೈಜೆನ್ ಎಐ ಮ್ಯಾಕ್ಸ್ ಬಳಸಿ ಪುಟ್ಟ ಡೆಸ್ಕ್‌ಟಾಪ್ ತಂದಾಗ, ರಿಪೇರಿಯ ಹಕ್ಕನ್ನೇ ಧ್ವಜವಾಗಿ ಹಿಡಿದ ಅದೂ ಮೆಮೊರಿಯನ್ನು ಬೆಸೆಯಬೇಕಾಯಿತು. 256 ಬಿಟ್‌ನ ಅಗಲ ಹಾದಿಯಲ್ಲಿ ಆ ವೇಗದ ಸಂಕೇತಗಳನ್ನು ಕಳಚುವ ಹಲಗೆಯ ಮೂಲಕ ಕೆಡದಂತೆ ಸಾಗಿಸಲು ಎಎಂಡಿಯೊಂದಿಗೆ ಸೇರಿ ಪ್ರಯತ್ನಿಸಿದರೂ ಆಗಲಿಲ್ಲವೆಂದು ಅದು ವಿವರಿಸಿತು. ಅಂಥ ಅಗಲ ಹಾದಿಯ ಯಂತ್ರಗಳಲ್ಲಿ ಬೆಸುಗೆಗೆ ಸದ್ಯ ಪರ್ಯಾಯವಿಲ್ಲ ಎಂಬುದನ್ನು ಒಪ್ಪಬೇಕು. ಅಲ್ಲಿ ಕೊಳ್ಳುವವರು ಬೇಕಾದಷ್ಟನ್ನು ಮೊದಲೇ ಕೊಳ್ಳುವುದೊಂದೇ ದಾರಿ. ಆದರೆ ಮಾರಾಟವಾಗುವ ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ಇಂದಿಗೂ 128 ಬಿಟ್‌ನ ಹಾದಿಯವು, ಎಲ್‌ಪಿಕ್ಯಾಮ್2 ರೂಪುಗೊಂಡದ್ದೇ ಆ ಅಗಲಕ್ಕೆ. ಅವುಗಳಲ್ಲಿ 16 ಅಥವಾ 32 ಜಿಬಿಯನ್ನು ಬೆಸೆದು ಮುಚ್ಚುವವರು ಅದಕ್ಕೆ ಕಾರಣವಾಗಿ ಯಂತ್ರದ ಗಾತ್ರವನ್ನಾಗಲಿ ಬ್ಯಾಟರಿಯನ್ನಾಗಲಿ ಇನ್ನು ಮುಂದೆ ತೋರಿಸುವಂತಿಲ್ಲ.